ಕುದುರೆ–ಸವಾರರ ಫೋಟೋ: ಮೊದಲು ಕಿವಿ ನೋಡಿ

ಕುದುರೆಯ ಕಿವಿ ಹಿಂದಕ್ಕೆ ಮಲಗಿದ್ದರೆ, ಸವಾರರು ಎಷ್ಟೇ ಪ್ರೀತಿಯಿಂದ ಕತ್ತು ತಬ್ಬಿದರೂ ಚಿತ್ರದಲ್ಲಿ ಅದು ಸಿಟ್ಟಾದಂತೆಯೇ ಕಾಣುತ್ತದೆ. ಕ್ಯಾಮೆರಾ ಹಿಂದೆ ಒಬ್ಬರು ನಿಂತು ಮೇವಿನ ಬಕೆಟ್ ಅಲ್ಲಾಡಿಸಲಿ. ಕಿವಿ ಮುಂದಕ್ಕೆ ನಿಮಿರಿದ ಕೂಡಲೇ ಕ್ಲಿಕ್ಕಿಸಿ. ಪದೇ ಪದೇ ಅಲ್ಲಾಡಿಸಿದರೆ ಅದು ತಿರುಗಿಯೂ ನೋಡುವುದಿಲ್ಲ.

ವೈಡ್ ಲೆನ್ಸ್‌ನಲ್ಲಿ ಹತ್ತಿರದಿಂದ ತೆಗೆದರೆ ಮೂತಿ ದಪ್ಪ, ಮೈ ಸಣ್ಣ. 85ರಿಂದ 200 ಎಂಎಂ ಲೆನ್ಸ್ ಹಾಕಿ ದೂರ ನಿಲ್ಲಿ, ಕ್ಯಾಮೆರಾ ಕುದುರೆಯ ಎದೆಯ ಎತ್ತರಕ್ಕಿರಲಿ. ಅಪರ್ಚರ್ (ಲೆನ್ಸ್ ಕಿಂಡಿ ತೆರೆಯುವ ಅಳತೆ) ಎಫ್/1.8 ಇಡುವ ಆಸೆ ಬೇಡ: ಕುದುರೆಯ ಕಣ್ಣು ಫೋಕಸ್ ಆದರೆ ಸವಾರರ ಮುಖ ಮಸುಕಾಗುತ್ತದೆ. ಎಫ್/4ರಿಂದ 5.6 ಇಟ್ಟು, ಇಬ್ಬರ ಕಣ್ಣೂ ಲೆನ್ಸ್‌ನಿಂದ ಒಂದೇ ದೂರದಲ್ಲಿರುವಂತೆ ನಿಲ್ಲಿಸಿ. ನಿಂತ ಕುದುರೆಯೂ ತಲೆ ಕೊಡವುತ್ತದೆ, ಶಟರ್ ವೇಗವನ್ನು 1/500 ಸೆಕೆಂಡಿಗಿಂತ ಇಳಿಸಬೇಡಿ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಬೆಚ್ಚಿದ ಕುದುರೆ ಪಕ್ಕದವರ ಕಾಲು ತುಳಿಯಬಹುದು.