ನಾನು ಕೀಳಬಾರದಿದ್ದ ಹಲ್ಲು

ಹಾವೇರಿ ಕಡೆಯ ಒಂದು ತಾಲ್ಲೂಕು ಊರಿನಲ್ಲಿ ನನ್ನ ಹಲ್ಲಿನ ಕ್ಲಿನಿಕ್ ಇದೆ. ಒಂದೇ ಕುರ್ಚಿ, ಒಬ್ಬಳು ಸಹಾಯಕಿ. ಸಂತೆ ದಿನ ಮಾತ್ರ ನೂಕುನುಗ್ಗಲು. ಕ್ಲಿನಿಕ್ ತೆರೆದ ಹೊಸತರಲ್ಲಿ ಅಂಥದ್ದೇ ಒಂದು ಸಂತೆ ದಿನ ಒಬ್ಬ ಅಜ್ಜ ಬಂದರು. ಕೆಳಗಿನ ದವಡೆ ಹಲ್ಲು ಅಲುಗಾಡುತ್ತಿತ್ತು. "ಮೇಡಂ, ಇದೊಂದು ಕಿತ್ತ ಬಿಡ್ರಿ, ಉಣ್ಣಾಕ ಆಗವಲ್ದು" ಅಂದರು. ಬಿಪಿ ಕೇಳಿದೆ, ಶುಗರ್ ಕೇಳಿದೆ. ಎರಡೂ ಇಲ್ಲ. ಇಂಜೆಕ್ಷನ್ ಕೊಟ್ಟು ಕಿತ್ತೆ. ಐದು ನಿಮಿಷದ ಕೆಲಸ.

ತಿಂಗಳಾದರೂ ಗಾಯ ಮುಚ್ಚಲಿಲ್ಲ. ಎರಡನೇ ತಿಂಗಳಿಗೆ ಒಸಡಿನ ನಡುವೆ ಹಳದಿ ಮೂಳೆ ಇಣುಕತೊಡಗಿತು. ಆಗ ಮಗಳು ಬಾಯಿಬಿಟ್ಟಳು. ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ನಾಲಿಗೆ ಪಕ್ಕ ಗಡ್ಡೆ ಆಗಿತ್ತಂತೆ, ಕರೆಂಟ್ ಕೊಡಿಸಿದ್ದರಂತೆ. ನಮ್ಮ ಕಡೆ ರೇಡಿಯೇಷನ್‌ಗೆ ಜನ ಹಾಗೇ ಹೇಳುವುದು. ವಾಸಿಯಾದ ಕ್ಯಾನ್ಸರ್‌ಗೂ ಹಲ್ಲಿಗೂ ಏನು ಸಂಬಂಧ ಅಂತ ಅವರಿಗೆ ಅನಿಸಿದ್ದು ಸಹಜ. ಕೇಳಬೇಕಾಗಿದ್ದವಳು ನಾನು.

ರೇಡಿಯೇಷನ್ ಬಿದ್ದ ಮೂಳೆ ನೋಡಲು ಸರಿಯಾಗೇ ಇರುತ್ತದೆ. ಆದರೆ ಒಳಗಿನ ಸಣ್ಣ ರಕ್ತನಾಳಗಳು ಸತ್ತಿರುತ್ತವೆ. ಸುಮ್ನೆ ಬಿಟ್ಟರೆ ಹೇಗೋ ನಡೆಯುತ್ತದೆ, ಗಾಯ ಮಾಡಿದರೆ ರಿಪೇರಿ ಮಾಡಿಕೊಳ್ಳುವ ತಾಕತ್ತು ಇರುವುದಿಲ್ಲ. ಮೂರು ತಿಂಗಳಾದರೂ ಮೂಳೆ ಬಯಲಲ್ಲೇ ಇದ್ದರೆ ಅದಕ್ಕೆ ಆಸ್ಟಿಯೋರೇಡಿಯೋನೆಕ್ರೋಸಿಸ್ ಅನ್ನುತ್ತೇವೆ. ಕೆಳದವಡೆಗೆ ಮೊದಲೇ ರಕ್ತ ಕಡಿಮೆ, ಹಾಗಾಗಿ ಅಲ್ಲೇ ಜಾಸ್ತಿ. ವರ್ಷ ಕಳೆದರೂ ಆ ಅಪಾಯ ಹೋಗುವುದಿಲ್ಲ. ಅಜ್ಜನಿಗೆ ದೊಡ್ಡ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ಆಯಿತು. ಕೊನೆಗೆ ದವಡೆಯ ಒಂದು ಚೂರು ತೆಗೆಯಬೇಕಾಯಿತು.

ಅಲ್ಲಿಂದ ನನ್ನ ಚೀಟಿಯಲ್ಲಿ ಬಿಪಿ, ಶುಗರ್ ಆದಮೇಲೆ ಮೂರನೇ ಪ್ರಶ್ನೆ ಬಂತು: ಕರೆಂಟ್ ಕೊಡಿಸಿದ್ದೀರಾ? ರೇಡಿಯೇಷನ್ ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಕರೆಂಟ್ ಅಂತ ಕೇಳಿದ್ದಕ್ಕೆ ಒಬ್ಬ ಅಜ್ಜಿ ಮಾತ್ರ "ಹೌದವ್ವಾ, ಹ್ವಾದ ವರ್ಷನ ಮನಿಗೆ ತಗೊಂಡೇವಿ" ಅಂದಿದ್ದರು. ಈಗ ಕುತ್ತಿಗೆ ಮುಟ್ಟಿ ತೋರಿಸಿ ಕೇಳುತ್ತೇನೆ.

ಆಮೇಲೆ ಬಂದವರು ಒಬ್ಬ ಲಾರಿ ಡ್ರೈವರ್. 48 ವರ್ಷ. ಕೆನ್ನೆ ಒಳಗೆ ಕ್ಯಾನ್ಸರ್, ಆಪರೇಷನ್ ಆಗಿತ್ತು. ಮುಂದೆ 30 ದಿನದ ಕರೆಂಟ್, ವಾರಕ್ಕೆ ಐದು ದಿನ, ದಿನಕ್ಕೆ 2 ಗ್ರೇ (ರೇಡಿಯೇಷನ್ ಅಳೆಯುವ ಲೆಕ್ಕ), ಒಟ್ಟು 60 ಗ್ರೇ. ಶುರುವಾಗಲು ಇನ್ನೂ ಮೂರು ವಾರ ಇತ್ತು. ನನಗೆ ಅದೇ ದೊಡ್ಡ ಭಾಗ್ಯ. ಗುಟ್ಕಾ 2013ರಲ್ಲೇ ನಮ್ಮ ರಾಜ್ಯದಲ್ಲಿ ಬಂದ್ ಆಯಿತಲ್ವಾ ಅಂತ ಕೇಳಿದೆ. ಪಾನ್ ಮಸಾಲದ್ದೊಂದು ಚೀಟು, ತಂಬಾಕಿನದೊಂದು ಚೀಟು, ಅಂಗೈಯಲ್ಲಿ ಕೂಡಿಸಿಕೊಳ್ಳುತ್ತಿದ್ದೆ ಅಂದರು.

ಮೊದಲು ಅವರ ರೇಡಿಯೇಷನ್ ಡಾಕ್ಟರಿಗೆ ಫೋನ್ ಮಾಡಿದೆ. ಯಾವ ಕಡೆ, ಎಷ್ಟು ಡೋಸ್, ಯಾವ ಹಲ್ಲುಗಳ ಮೇಲೆ ಬೀಳುತ್ತದೆ ಅಂತ ಬರೆದುಕೊಂಡೆ. ಹಿಂದೆಲ್ಲ ಸುರಕ್ಷಿತ ಅಂತ ಇದ್ದಬದ್ದ ಹಲ್ಲೆಲ್ಲ ಕೀಳುತ್ತಿದ್ದರು. ನಾನು ಹಾಗೆ ಮಾಡುವುದಿಲ್ಲ. ಡೋಸ್ ಬೀಳುವ ಜಾಗದ ಹಲ್ಲು ಇನ್ನು ಹತ್ತು ವರ್ಷ ಬಾಳುತ್ತದಾ ಅಂತ ನನ್ನನ್ನೇ ಕೇಳಿಕೊಳ್ಳುತ್ತೇನೆ. ನಂಬಿಕೆ ಬರದಿದ್ದರೆ ತೆಗೆಯುತ್ತೇನೆ. ಅವರಿಗೆ ಐದು ಹಲ್ಲು ಹೋಯಿತು. ಅದರಲ್ಲಿ ಎರಡು ಅಲುಗಾಡುತ್ತಲೂ ಇರಲಿಲ್ಲ, ಬೇರಿನ ಸುತ್ತ ಮಾತ್ರ ಮೂಳೆ ಕರಗಿತ್ತು. "ಗಟ್ಟಿ ಇರೋ ಹಲ್ಲು ಯಾಕ ಕೀಳ್ತೀರಿ?" ಅಂತ ಹೆಂಡತಿ ಜಗಳಕ್ಕೇ ನಿಂತರು. ಎಕ್ಸ್‌ರೇ ತೋರಿಸಿ ಅಜ್ಜನ ಕತೆ ಹೇಳಿದೆ. ಎಲ್ಲ ಒಂದೇ ದಿನ ಕಿತ್ತು, ಮೂಳೆಯ ಚೂಪು ಅಂಚು ಸವರಿ, ಹೊಲಿಗೆ ಹಾಕಿದೆ. ಗಾಯ ಮಾಯಲು ಕನಿಷ್ಠ ಎರಡು ವಾರ ಬೇಕು. ಹಲ್ಲಿನ ಕೆಲಸಕ್ಕೆ ಅಂತ ಕ್ಯಾನ್ಸರ್ ಚಿಕಿತ್ಸೆ ಮುಂದೆ ಹಾಕಿಸಬಾರದು.

ಕರೆಂಟ್ ಶುರುವಾದ ಎರಡನೇ ವಾರಕ್ಕೆ ಬಾಯಿ ಕೆಂಪಾಯಿತು, ಮೂರನೆಯದಕ್ಕೆ ಹುಣ್ಣು. ಇದು ಬಂದೇ ಬರುತ್ತದೆ ಅಂತ ಮೊದಲೇ ಹೇಳಿದ್ದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ, ಎರಡು ತಾಸಿಗೊಮ್ಮೆ ಮುಕ್ಕಳಿಸುವುದು. ಅಂಗಡಿಯ ಖಾರ ಮೌತ್‌ವಾಶ್ ಬಿಸಾಡಿಸಿದೆ. ಮಕ್ಕಳ ಮೆತ್ತನೆ ಬ್ರಷ್. ಊಟಕ್ಕೆ ರಾಗಿ ಅಂಬಲಿ, ಮೆತ್ತಗೆ ಕಲಸಿದ ಅನ್ನ. ಒಮ್ಮೆ ನಾಲಿಗೆ ಮೇಲೆ ಬಿಳಿ ಪದರ ಕೂತಿತ್ತು. ಅದು ಫಂಗಸ್, ಔಷಧಿ ಹಚ್ಚಿದ ಮೇಲೆ ಹೋಯಿತು. ಕರೆಂಟ್ ಮುಗಿದು ಒಂದೂವರೆ ತಿಂಗಳಿಗೆ ಹುಣ್ಣು ಮಾಯಿತು.

ಕರೆಂಟ್‌ಗೆ ಬತ್ತಿದ ಜೊಲ್ಲು ಮಾತ್ರ ವಾಪಸ್ ಬರಲಿಲ್ಲ. ಅದರ ಬೆಲೆ ನಮಗೆ ಗೊತ್ತಾಗುವುದೇ ಇಲ್ಲ. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ಹಲ್ಲು ತೊಳೆಯುವುದು, ಹುಳಿ ಕಡಿಮೆ ಮಾಡುವುದು, ಹಲ್ಲಿಗೆ ಸುಣ್ಣದ ಅಂಶ ವಾಪಸ್ ಕೊಡುವುದು ಎಲ್ಲ ಅದರದೇ ಕೆಲಸ. "ಜ್ವಾಳದ ರೊಟ್ಟಿ ತಿಂದ್ರ ಉಸುಕು ತಿಂದಂಗ ಆಗತೈತ್ರಿ" ಅನ್ನುತ್ತಿದ್ದರು. ನಾಲ್ಕು ತಿಂಗಳಿಗೆ ನೋಡಿದರೆ ಆರು ಹಲ್ಲಿಗೆ ಒಸಡಿನ ಅಂಚಿನಲ್ಲಿ ಕಂದು ಪಟ್ಟಿ. ಸಾಮಾನ್ಯ ಹುಳುಕು ಕಚ್ಚುವ ಮೇಲ್ಭಾಗ ಮತ್ತು ಸಂದಿಯಲ್ಲಿ ಜಾಸ್ತಿ. ಇದು ಬುಡವನ್ನೇ ಸುತ್ತುಹಾಕುತ್ತದೆ, ಒಂದು ದಿನ ಹಲ್ಲು ಬಳಪದ ಹಾಗೆ ಮುರಿಯುತ್ತದೆ. ಏನು ಮಾಡುತ್ತಿದ್ದೀರಿ ಅಂತ ಕೇಳಿದರೆ ಅಂಗಿ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದರು. ಬಾಯಿ ಒಣಗುತ್ತದೆ ಅಂತ ದಿನವಿಡೀ ಚೀಪುತ್ತಿದ್ದರು! ನನಗೆ ಸಿಟ್ಟು ಬಂತು, ಬೈದೆ. ಆದರೆ ಚೀಪಬೇಡಿ ಅಂತ ಮೊದಲೇ ಹೇಳದೇ ಇದ್ದದ್ದು ನಾನೇ ತಾನೆ?

ಪೆಪ್ಪರ್‌ಮಿಂಟ್ ಬದಲು ಗುಟುಕು ಗುಟುಕಾಗಿ ನೀರು. ಕಂದು ಪಟ್ಟಿಗೆ ಫ್ಲೋರೈಡ್ ಬಿಡುವ ಸಿಮೆಂಟ್ ತುಂಬಿದೆ. ರಾತ್ರಿ ಹಲ್ಲಿನ ಅಳತೆಗೆ ಮಾಡಿದ ಟ್ರೇಯಲ್ಲಿ ಫ್ಲೋರೈಡ್ ಜೆಲ್ ಹಾಕಿ ಐದು ನಿಮಿಷ ಇಟ್ಟುಕೊಳ್ಳಬೇಕು ಅನ್ನುವುದು ನಾವು ಓದಿದ್ದು. ಇವರ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ, ಅಳತೆ ತೆಗೆಯುವ ತಟ್ಟೆಯೇ ಒಳಗೆ ಹೋಗಲಿಲ್ಲ. ಹಾಗಾಗಿ 5000 ಪಿಪಿಎಂ ಫ್ಲೋರೈಡ್‌ನ ಪೇಸ್ಟ್ ಬರೆದುಕೊಟ್ಟೆ. ಮಾಮೂಲಿ ಪೇಸ್ಟ್‌ನಲ್ಲಿ ಇರುವುದು 1000ದ ಆಸುಪಾಸು. ಉಜ್ಜಿ ಉಗುಳುವುದು, ಬಾಯಿ ತೊಳೆಯದೆ ಮಲಗುವುದು. ಸಾಯುವ ತನಕ ಇದೇ.

ಬಾಯಿ ತೆರೆಯಲು ಐಸ್‌ಕ್ರೀಮ್ ಕಡ್ಡಿ. ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಂಡು, ದಿನಕ್ಕೆ ಐದು ಸಲ. ಮೊದಲು 12 ಕಡ್ಡಿ ಹಿಡಿಯುತ್ತಿದ್ದ ಬಾಯಿ, ಕರೆಂಟ್ ಮುಗಿದ ಮೇಲೆ 9ಕ್ಕೆ ಇಳಿದಿತ್ತು. ಆರು ತಿಂಗಳಿಗೆ 11. ಇವತ್ತೆಷ್ಟು ಕಡ್ಡಿ ಅಂತ ಫೋನ್ ಮಾಡಿ ಹೇಳುತ್ತಿದ್ದರು.

ಮೂರನೇ ವರ್ಷ ಅವರ ಕೆಳಗಿನ ಒಂದು ಹಲ್ಲು ಬುಡದಲ್ಲೇ ಮುರಿಯಿತು. ನೋವಿತ್ತು. ಹಲ್ಲಿನ ಉಳಿದ ಮೇಲ್ಭಾಗವನ್ನು ಒಸಡಿನ ಮಟ್ಟಕ್ಕೆ ಕತ್ತರಿಸಿ, ಬೇರಿಗೆ ರೂಟ್ ಕೆನಾಲ್ ಮಾಡಿ, ಮೇಲೆ ಮುಚ್ಚಿ, ಬೇರನ್ನು ಮೂಳೆಯಲ್ಲೇ ಬಿಟ್ಟೆ. ಅಷ್ಟು ಸಣ್ಣ ಬಾಯಲ್ಲಿ ಮೂರು ಸಿಟ್ಟಿಂಗ್ ಹಿಡಿಯಿತು. ಕುರ್ಚಿಯಿಂದ ಇಳಿಯುತ್ತಾ, "ಕಿತ್ತಿದ್ರ ಐದು ನಿಮಿಷದ ಕೆಲಸ ಆಗಿತ್ತಲ್ರಿ ಮೇಡಂ?" ಅಂದರು.

ಹೌದು ಅಂದೆ.