ಹಳೆಯ ಟೂರಿಂಗ್ ಸೈಕಲ್ ಕೊಳ್ಳುವುದು ಮತ್ತು ಸುಧಾರಿಸುವುದು

ಎಂಬತ್ತರ ದಶಕದ ಉಕ್ಕಿನ ಟೂರಿಂಗ್ ಸೈಕಲ್ಲನ್ನು, ಅಂದರೆ ಸಾಮಾನು ಹೊತ್ತು ದೂರದ ಪ್ರಯಾಣಕ್ಕೆ ಹೋಗುವ ಸೈಕಲ್ಲನ್ನು, ಕೊಳ್ಳಹೊರಟವರು ಮೊದಲು ಫ್ರೇಮನ್ನು ಪರೀಕ್ಷಿಸಬೇಕು. ಟೈರು, ಚೈನು, ಕೇಬಲ್ಲು, ಬ್ರೇಕ್ ರಬ್ಬರುಗಳನ್ನು ಹೇಗಿದ್ದರೂ ಬದಲಿಸಬೇಕಾಗುತ್ತದೆ. ಫ್ರೇಮ್ ಕೆಟ್ಟಿದ್ದರೆ ಆ ಖರ್ಚೆಲ್ಲ ವ್ಯರ್ಥ. ಹ್ಯಾಂಡಲ್ಲನ್ನು ಹಿಡಿದಿರುವ ಹೆಡ್ ಟ್ಯೂಬಿನ ಹಿಂದೆ, ಎರಡು ಕೊಳವೆಗಳು ಬಂದು ಸೇರುವಲ್ಲಿ, ಅಡಿಭಾಗದ ಮೇಲೆ ಬೆರಳಾಡಿಸಿ ನೋಡಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಲೋಹ ಉಬ್ಬಿದ್ದರೆ ಸೈಕಲ್ ಎದುರಿನಿಂದ ಎಲ್ಲಿಗೋ ಗುದ್ದಿರುವ ಸಾಧ್ಯತೆ ಹೆಚ್ಚು; ಬೆಲೆ ಎಷ್ಟೇ ಕಡಿಮೆಯಿರಲಿ, ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು. ಮೇಲ್ಮೈಯ ತುಕ್ಕಿಗೆ ಹೆದರಬೇಕಿಲ್ಲ. ಆದರೆ ಸೀಟಿನ ಕಂಬವನ್ನೂ ಹ್ಯಾಂಡಲ್ಲನ್ನು ಫ್ರೇಮಿಗೆ ಜೋಡಿಸುವ ಸ್ಟೆಮ್ಮನ್ನೂ ಮಾರುವವರ ಎದುರಿನಲ್ಲೇ ಸಡಿಲಿಸಿ ಅಲುಗಾಡಿಸಿ ನೋಡಬೇಕು; ಅಲ್ಯೂಮಿನಿಯಂ ಕಂಬವು ಉಕ್ಕಿನ ಕೊಳವೆಯೊಳಗೆ ವರ್ಷಗಟ್ಟಲೆ ಗ್ರೀಸ್ ಇಲ್ಲದೆ ಕುಳಿತರೆ ಕಚ್ಚಿಕೊಂಡುಬಿಡುತ್ತದೆ, ಅದನ್ನು ಬಿಡಿಸುವುದು ಕೆಲವೊಮ್ಮೆ ಸೈಕಲ್ಲಿನ ಬೆಲೆಗಿಂತ ದುಬಾರಿಯ ಕೆಲಸ.

ಫ್ರೇಮಿನ ಮೇಲೆ 1935ರಲ್ಲಿ ಬಂದ ರೆನಾಲ್ಡ್ಸ್ 531 ಎಂಬ ಹೆಸರಾಂತ ಉಕ್ಕಿನ ಕೊಳವೆಗಳ ಚೀಟಿ ಕಂಡರೆ ಸಂತೋಷಪಡಬಹುದು. ಆದರೆ ಚೀಟಿಯನ್ನು ಯಾವ ಫ್ರೇಮಿಗೆ ಬೇಕಾದರೂ ಅಂಟಿಸಬಹುದಲ್ಲವೇ? ಸೀಟಿನ ಕಂಬದ ವ್ಯಾಸ 27.2 ಮಿ.ಮೀ. ಇದ್ದರೆ ಕೊಳವೆಗಳು ತೆಳುವಾದ ಉತ್ತಮ ದರ್ಜೆಯವಾಗಿರುವ ಸಂಭವ ಹೆಚ್ಚು. ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಬಿಗಿಯಲು ಹಿಂದಿನ ಚಕ್ರದ ಬಳಿ ತೂತುಗಳಿವೆಯೇ, ಕ್ಯಾರಿಯರ್‌ಗೆ ತೂಗುಹಾಕುವ ಚೀಲಗಳಿಗೆ ಪೆಡಲ್ ತುಳಿಯುವಾಗ ಹಿಮ್ಮಡಿ ತಾಗದಷ್ಟು ಫ್ರೇಮಿನ ಹಿಂಭಾಗ ಉದ್ದವಾಗಿದೆಯೇ ಎಂಬುದನ್ನೂ ಗಮನಿಸಬೇಕು.

ಸುಧಾರಣೆಗೆ ಹಣವಿದ್ದರೆ ಅದು ಮೊದಲು ಚಕ್ರಗಳಿಗೆ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಹಳೆಯ ಉಕ್ಕಿನ ರಿಮ್ಮುಗಳು ಮಳೆಯಲ್ಲಿ ನೆನೆದರೆ ಬ್ರೇಕ್ ಹಿಡಿಯುವುದೇ ಕಷ್ಟ. ಅಲ್ಯೂಮಿನಿಯಂ ರಿಮ್ ಹಾಕಿಸಿದರೆ ಹಳೆಯ ಬ್ರೇಕುಗಳೇ ಹೊಸತಾದಂತೆ ಕೆಲಸ ಮಾಡುತ್ತವೆ. ಹಲವು ಹಳೆಯ ಸೈಕಲ್ಲುಗಳಲ್ಲಿರುವ 27 ಅಂಗುಲದ ಚಕ್ರದ ರಿಮ್ 630 ಮಿ.ಮೀ. ವ್ಯಾಸದ್ದು, ಇಂದು ಸುಲಭವಾಗಿ ಟೈರು ಸಿಗುವ 700ಸಿ ಚಕ್ರದ್ದು 622 ಮಿ.ಮೀ. ಆದ್ದರಿಂದ ಚಕ್ರ ಬದಲಿಸಿದರೆ ಬ್ರೇಕ್ ರಬ್ಬರು 4 ಮಿ.ಮೀ. ಕೆಳಗಿಳಿಯಬೇಕಾಗುತ್ತದೆ; ಬ್ರೇಕಿನ ತೋಳಿನಲ್ಲಿ ಅಷ್ಟು ಜಾಗವಿದೆಯೇ ಎಂದು ಚಕ್ರ ಕೊಳ್ಳುವ ಮೊದಲೇ ಅಳೆಯಿರಿ. ಹಿಂದಿನ ಚಕ್ರದ ನಡುವಿನ ಗುಂಬ, ಅಂದರೆ ಹಬ್ಬಿನ ಅಗಲವೂ ಮುಖ್ಯ. ಆ ಕಾಲದ ಆರು–ಏಳು ಗೇರಿನ ಫ್ರೇಮುಗಳಲ್ಲಿ ಹಬ್ ಕೂರುವ ಎರಡು ತುದಿಗಳ ನಡುವೆ ಸಾಮಾನ್ಯವಾಗಿ 126 ಮಿ.ಮೀ. ಅಂತರವಿದ್ದು, ನಂತರದ ರೋಡ್ ಸೈಕಲ್ಲುಗಳ ಹಬ್ಬುಗಳಿಗೆ 130 ಮಿ.ಮೀ. ಬೇಕು. ಉಕ್ಕಿನ ಫ್ರೇಮನ್ನು ಬಲ್ಲ ಮೆಕ್ಯಾನಿಕ್ ಅಷ್ಟು ಅಗಲಿಸಿ, ಎರಡೂ ತುದಿಗಳನ್ನು ಮತ್ತೆ ಸಮಾನಾಂತರಕ್ಕೆ ತರಬಲ್ಲ. ಅಲ್ಯೂಮಿನಿಯಂ ಫ್ರೇಮಿಗೆ ಈ ಪ್ರಯೋಗ ಸಲ್ಲದು.

ಗೇರ್ ಬದಲಿಸುವ ಹಳೆಯ ಫ್ರಿಕ್ಷನ್ ಲಿವರುಗಳನ್ನು ತೆಗೆಯಲು ಆತುರಪಡಬೇಡಿ. ಕ್ಲಿಕ್ ಇಲ್ಲದ ಅವು ಹಿಂದಿನ ಹಲ್ಲುಚಕ್ರಗಳ ಸಂಖ್ಯೆಗೆ ಕಟ್ಟುಬೀಳುವುದಿಲ್ಲ. ಸಾಮಾನು ಹೊತ್ತು ಏರು ಹತ್ತುವವರಿಗೆ ನಿಜವಾಗಿ ಬೇಕಾದದ್ದು ಕಡಿಮೆ ಗೇರು, ಅಂದರೆ ಹಿಂದೆ ದೊಡ್ಡ ಹಲ್ಲುಚಕ್ರ, ಮುಂದೆ ಚಿಕ್ಕದು. ಪೆಡಲ್ಲಿನ ತೋಳಾದ ಕ್ರ್ಯಾಂಕ್ ಬದಲಿಸುವುದಾದರೆ, ಅದರ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್ಟಿನ ಮರೆ (ತಿರುಪಿನ ಗೆರೆಗಳು) ಯಾವ ದೇಶದ ಮಾದರಿಯದೆಂದು ಖಚಿತಪಡಿಸಿಕೊಳ್ಳಬೇಕು. ಇಂಗ್ಲಿಷ್ ಮಾದರಿಯಲ್ಲಿ ಚೈನಿನ ಕಡೆಯ ಬೇರಿಂಗ್ ಬಟ್ಟಲು ಎಡಕ್ಕೆ ತಿರುಗಿಸಿ ಬಿಗಿಸುವ ಎಡಮರೆಯದು, ಇಟಾಲಿಯನ್ ಮಾದರಿಯಲ್ಲಿ ಬಲಮರೆಯದು, ತಪ್ಪು ದಿಕ್ಕಿಗೆ ಬಲ ಹಾಕಿದರೆ ಮರೆಯೇ ಹಾಳಾಗುತ್ತದೆ. ಹೊಸ ಚಕ್ರದ ಕಡ್ಡಿಗಳು ಮೊದಲ ಕೆಲವು ಸವಾರಿಗಳಲ್ಲಿ ಸಡಿಲಗೊಳ್ಳಬಹುದಾದ್ದರಿಂದ, ದೂರದ ಪ್ರಯಾಣಕ್ಕೆ ಮುನ್ನ ಒಮ್ಮೆ ಬಿಗಿಸಿ ಚಕ್ರವನ್ನು ನೇರ ಮಾಡಿಸಿಕೊಳ್ಳಿ.