ಪಂಚಾಂಗ ನೋಡಿಕೊಂಡು ಕಡಲ ಮರಳಿಗೆ ಕಾರು ಇಳಿಸುವ ಬಗೆ

ಗುಬ್ಬಿಯಲ್ಲಿ ಹುಟ್ಟಿ ಬೆಳೆದ ನನಗೆ ದೊಡ್ಡ ನೀರೆಂದರೆ ಕೆರೆ. ಬೆಳಿಗ್ಗೆ ದಡದಲ್ಲಿ ಸೈಕಲ್ ನಿಲ್ಲಿಸಿದರೆ ಸಂಜೆ ಅಲ್ಲಿಗೇ ಹೋಗಿ ತೆಗೆದುಕೊಂಡು ಬರಬಹುದು. ಇದೇ ನಂಬಿಕೆಯಿಂದ ಒಂದು ದೀಪಾವಳಿ ರಜೆಗೆ ನಮ್ಮ ಎರ್ಟಿಗಾವನ್ನು ಕಣ್ಣೂರಿನ ಬಳಿಯ ಮುಳಪ್ಪಿಲಂಗಾಡ್ ಕಡಲತೀರಕ್ಕೆ ಇಳಿಸಿದೆ. ಕಣ್ಣೂರು ಮತ್ತು ತಲಶ್ಶೇರಿ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲಿರುವ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಗಟ್ಟಿ ಮರಳಿನ ತೀರ ಅದು. ಕಾರು ಓಡಿಸಲೆಂದೇ ಜನ ಅಲ್ಲಿಗೆ ಹೋಗುತ್ತಾರೆ.

ಅಂದು ಬಲಿಪಾಡ್ಯಮಿ. ಬೆಳಿಗ್ಗೆ ಒಂಬತ್ತಕ್ಕೆ ತಲುಪಿದಾಗ ನೀರು ದೂರದಲ್ಲಿತ್ತು. ಅಲೆಗಳಿಗೆ ಮುಖ ಮಾಡಿ ಕಾರು ನಿಲ್ಲಿಸಿ, ಚಾಪೆ ಹಾಸಿ, ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಊಟ ಮುಗಿಸಿ ಕೈ ತೊಳೆಯಲು ಎದ್ದಾಗ ಸಮುದ್ರವೇ ಕೈ ತೊಳೆಸಲು ಬಂದಿತ್ತು. ಪ್ರತಿ ಅಲೆ ಹಿಂದಕ್ಕೆ ಹೋಗುವಾಗಲೂ ಟಯರಿನ ಕೆಳಗಿನ ಮರಳನ್ನು ಸ್ವಲ್ಪ ಸ್ವಲ್ಪವೇ ಕೊರೆದುಕೊಂಡು ಹೋಗುತ್ತಿತ್ತು. ನಾನು ಆಕ್ಸಲರೇಟರ್ ಒತ್ತಿದಷ್ಟೂ ಮುಂದಿನ ಚಕ್ರಗಳು ಹೂತವು. ಮೀನುಗಾರರು ನಾಲ್ಕೈದು ಜನ ಸೇರಿ, ಒಂದು ಜೀಪಿಗೆ ಹಗ್ಗ ಕಟ್ಟಿ ಎಳೆಸಿದರು. ನನ್ನ ಗಂಡ ಮೊಬೈಲಿನಲ್ಲಿ ಉಬ್ಬರದ ಸಮಯ ನೋಡಿಯೇ ಬಂದಿದ್ದರು. ಆದರೆ ಅವರು ನೋಡಿದ್ದು ಚೆನ್ನೈ ಬಂದರಿನದು.

ಮನೆಗೆ ಬಂದು ಈ ಕಥೆ ಹೇಳಿದಾಗ ಅತ್ತೆಯವರು ನಗಲಿಲ್ಲ. “ಅಮಾವಾಸ್ಯೆ, ಹುಣ್ಣಿಮೆಗೆ ಸಮುದ್ರ ಉಕ್ಕುತ್ತದೆ ಎಂದು ಗೊತ್ತಿಲ್ಲವೇನಮ್ಮಾ? ಗಣಿತ ಕಲಿಸುವವಳು ನೀನು,” ಎಂದರು. ಅವರು ಸಮುದ್ರವನ್ನು ಕಣ್ಣಾರೆ ಕಂಡವರೇ ಅಲ್ಲ. ಆದರೂ ಅಡುಗೆಮನೆಯ ಗೋಡೆಗೆ ನೇತುಹಾಕಿದ್ದ ಪಂಚಾಂಗವನ್ನು ಕೈಗಿತ್ತರು. ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಅಂದಿನಿಂದ ಹಾಗೆಯೇ ಹೋಗುತ್ತಿದ್ದೇವೆ.

ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಚಂದ್ರ ದಿನವೂ ತಡವಾಗಿ ಹುಟ್ಟುವುದರಿಂದ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ದಿನದ ಬದಲು ತಿಥಿ ಹಿಡಿದರೆ ಲೆಕ್ಕ ಇನ್ನೂ ಚೊಕ್ಕ. ಮೂವತ್ತು ತಿಥಿ ಕಳೆಯುವಷ್ಟರಲ್ಲಿ ಉಬ್ಬರದ ಸಮಯ ಪೂರ್ತಿ 24 ಗಂಟೆ ಸುತ್ತಿ ಬರುತ್ತದೆ. ಹಾಗಾದರೆ ಒಂದು ತಿಥಿಗೆ 48 ನಿಮಿಷ. ಒಂದು ಗಳಿಗೆ ಎಂದರೆ 24 ನಿಮಿಷ. ಅಂದರೆ ತಿಥಿಗೆ ಸರಿಯಾಗಿ ಎರಡು ಗಳಿಗೆ! ಇದನ್ನು ಕಂಡು ನನಗಾದ ಖುಷಿ ಎಂಟನೇ ತರಗತಿಯ ಮಕ್ಕಳಿಗೆ ಅರ್ಥವಾಗಲಿಲ್ಲ, ಅತ್ತೆಯವರಿಗೆ ಆಯಿತು.

ನಾನು ಇಟ್ಟುಕೊಂಡಿರುವ ಮೊದಲ ಅಂಕಿ ಇದು: ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದು ಆ ತೀರದಲ್ಲಿ ನೀರು ಪೂರ್ತಿ ಇಳಿಯುವುದು ಬೆಳಿಗ್ಗೆ, ಸಂಜೆ ಸುಮಾರು ಐದೂವರೆಗೆ, ಏರುವುದು ಮಧ್ಯಾಹ್ನ ಮತ್ತು ಮಧ್ಯರಾತ್ರಿಯ ಹತ್ತಿರ. ಅಲ್ಲಿಂದ ಮುಂದೆ ಎಷ್ಟು ತಿಥಿ ಕಳೆದಿದೆಯೋ ಅಷ್ಟು ಸಲ ಎರಡೆರಡು ಗಳಿಗೆ ಸೇರಿಸಿ. ಚೌತಿಯ ಹೊತ್ತಿಗೆ ಇಳಿತ ಎಂಟೂವರೆಗೆ ಬಂದಿರುತ್ತದೆ, ಅಷ್ಟಮಿಗೆ ಹನ್ನೊಂದೂವರೆ ದಾಟುತ್ತದೆ. ಮುಕ್ಕಾಲು ಗಂಟೆ ಆಚೀಚೆ ಆಗುವುದು ಸಹಜ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಒಂದೇ ದಿನದ ಎರಡು ಇಳಿತಗಳು ಸಮನಾಗಿರುವುದಿಲ್ಲ. ಒಂದರಲ್ಲಿ ನೀರು ಚೆನ್ನಾಗಿ ಹಿಂದೆ ಸರಿದರೆ ಇನ್ನೊಂದರಲ್ಲಿ ಅರೆಬರೆ.

ಆದ್ದರಿಂದ ಪಂಚಾಂಗ ಬಳಸುವುದು ಯಾವ ರಜೆಗೆ ಹೋಗಬೇಕೆಂದು ತೀರ್ಮಾನಿಸಲು ಮಾತ್ರ. ಹೊರಡುವ ವಾರ ಕೋಷ್ಟಕವನ್ನು ನೋಡಲೇಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆ ಬಂದರುಗಳ ಉಬ್ಬರವಿಳಿತದ ಪಟ್ಟಿ ಪ್ರಕಟಿಸುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನ ಮುನ್ಸೂಚನೆಯೂ ಸಿಗುತ್ತದೆ. ನೋಡುವಾಗ ಎರಡು ವಿಷಯಗಳ ಮೇಲೆ ಬೆರಳಿಟ್ಟು ಓದಿ. ಊರು ಯಾವುದು? (ನನ್ನ ಗಂಡನ ಚೆನ್ನೈ ನೆನಪಿರಲಿ.) ಸಮಯ ಭಾರತದ್ದೋ ಗ್ರೀನಿಚ್‌ದೋ? ಗ್ರೀನಿಚ್‌ದಾದರೆ ಐದೂವರೆ ಗಂಟೆ ಸೇರಿಸದಿದ್ದರೆ ಇಳಿತವೆಂದು ಹೋದವರು ಉಬ್ಬರಕ್ಕೆ ತಲೆ ಕೊಡುತ್ತೀರಿ.

ಈ ಲೆಕ್ಕದಿಂದ ಹೊರಬಿದ್ದ ಚಂದದ ಸಂಗತಿ ಒಂದಿದೆ. ತಿಥಿ ಹಿಡಿದು ಬರುವ ಹಬ್ಬಗಳ ಉಬ್ಬರವಿಳಿತ ವರ್ಷವರ್ಷವೂ ಹೆಚ್ಚುಕಡಿಮೆ ಒಂದೇ. ದೀಪಾವಳಿ ಅಮಾವಾಸ್ಯೆ, ಯುಗಾದಿ ಮತ್ತೊಂದು ಅಮಾವಾಸ್ಯೆಯ ಮರುದಿನದ ಪಾಡ್ಯ. ಎರಡರಲ್ಲೂ ನಸುಕಿನಲ್ಲಿ ಮತ್ತು ಸಂಜೆ ತೀರ ಅಗಲ, ಮಧ್ಯಾಹ್ನ ಕಿರಿದು. ವಿಜಯದಶಮಿಯಂದು ಇಳಿತ ಮಧ್ಯಾಹ್ನ ಒಂದರ ಸುಮಾರಿಗೆ. ಸಂಕ್ರಾಂತಿ, ಕ್ರಿಸ್‌ಮಸ್ ಚಂದ್ರನನ್ನು ಕೇಳಿ ಬರುವುದಿಲ್ಲ. ಅವುಗಳಿಗೆ ಪ್ರತಿವರ್ಷ ಹೊಸದಾಗಿ ನೋಡಬೇಕು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ದಸರಾ ರಜೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತದ ಅಂತರ ಕಡಿಮೆ. ತೀರ ಅಷ್ಟೇನೂ ಅಗಲವಾಗುವುದಿಲ್ಲ, ಆದರೆ ನೀರು ನುಗ್ಗಿ ಬರುವುದೂ ಇಲ್ಲ. ಇಳಿತ ಹಾಡಹಗಲಲ್ಲೇ ಸಿಗುತ್ತದೆ. ಮಳೆಗಾಲದಲ್ಲಂತೂ ಯಾವ ತಿಥಿಯಲ್ಲೂ ಹೋಗುವುದು ಬೇಡ.

ಇನ್ನು ನನ್ನ ಚಿತ್ರಾನ್ನದ ಕಥೆಯ ಲೆಕ್ಕ. ನೀರು ಆರು ಗಂಟೆಯಲ್ಲಿ ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದು ಇಳಿತ ಆರರ ಹೊತ್ತಿಗೆ ಆಗಿತ್ತು. ನಾವು ಚಾಪೆ ಹಾಸಿದ ಒಂಬತ್ತು ಗಂಟೆ ಎಂದರೆ ಏರಿಕೆ ಅತಿ ಜೋರಾಗಿರುವ ಹೊತ್ತು. ಒಟ್ಟು ಏರಿಕೆ ಒಂದು ಮೀಟರ್ ಎಂದಿಟ್ಟುಕೊಂಡರೆ ಆ ಒಂದು ಗಂಟೆಯಲ್ಲೇ 25 ಸೆಂಟಿಮೀಟರ್. ಅಷ್ಟೇ ತಾನೇ ಎನ್ನಬೇಡಿ. ಐವತ್ತು ಅಡಿಗೆ ಒಂದು ಅಡಿ ಇಳಿಜಾರಿನ ಮರಳಿನಲ್ಲಿ 25 ಸೆಂಟಿಮೀಟರ್ ಏರಿದ ನೀರು ಹನ್ನೆರಡೂವರೆ ಮೀಟರ್ ಒಳಕ್ಕೆ ಬರುತ್ತದೆ. ಸುಮಾರು ಮೂರು ಎರ್ಟಿಗಾ ಉದ್ದ.

ಹಾಗಾಗಿ ಮರಳಿಗೆ ಇಳಿಯುವುದು ಇಳಿತಕ್ಕೆ ಎರಡು ಗಂಟೆ ಮುಂಚೆ, ಹತ್ತುವುದು ಇಳಿತ ಕಳೆದು ಒಂದು ಗಂಟೆಯೊಳಗೆ. ಹತ್ತುವ ಸಮಯಕ್ಕೆ ಮೊಬೈಲಿನಲ್ಲಿ ಅಲಾರಂ ಇಡುತ್ತೇನೆ; ಅದು ಹೊಡೆದಾಗ “ಇನ್ನೊಂದೇ ಸುತ್ತು” ಎಂದವರಿಗೆ ನಮ್ಮ ಕಾರಿನಲ್ಲಿ ಮುಂದಿನ ಸಲ ಜಾಗವಿಲ್ಲ.

ಪ್ರಯಾಣವನ್ನೂ ಇದರಿಂದಲೇ ಹಿಂದಕ್ಕೆ ಎಣಿಸಬೇಕು. ಯಡಿಯೂರು, ನಾಗಮಂಗಲ, ಮೈಸೂರು, ಹುಣಸೂರು, ಗೋಣಿಕೊಪ್ಪದ ಮೇಲೆ ವಿರಾಜಪೇಟೆ ತಲುಪಿ, ಅಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಮಾಕುಟ್ಟ ಘಾಟಿ ಇಳಿದು ಇರಿಟ್ಟಿಯ ಮೇಲೆ ಹೋಗುವುದು ನಮ್ಮ ಕ್ರಮ. ಒಂದೇ ದಿನದಲ್ಲಿ ಓಡಿಸಿ ದಣಿದು ಬಂದವರು ಗಡಿಯಾರ ನೋಡುವುದಿಲ್ಲ, ನೇರ ನೀರಿಗೆ ನುಗ್ಗುತ್ತಾರೆ.

ಮರಳಿನಲ್ಲಿ ಓಡಿಸುವ ಜಾಗವೂ ನೀರೇ ಗೆರೆ ಎಳೆದು ತೋರಿಸಿದಂತಿರುತ್ತದೆ. ತೆಂಗಿನ ತೋಟದ ಕಡೆ ಒಣಗಿದ ಬಿಳಿ ಮರಳು: ಅಲ್ಲಿ ಚಕ್ರ ಹೂಳುತ್ತದೆ. ಅಲೆ ಆಡುವ ಅಂಚು: ಅಲ್ಲಿ ಕೆಳಗಿನ ಮರಳೇ ಜಾರುತ್ತದೆ. ಎರಡರ ನಡುವಿನ ಒದ್ದೆ, ಗಟ್ಟಿ ಪಟ್ಟಿ ನಮ್ಮದು. ನಾನು ಮೊದಲು ಇಳಿದು ಹಿಮ್ಮಡಿ ಊರಿ ನೋಡುತ್ತೇನೆ. ಕೆರೆಯಂಗಳದಲ್ಲಿ ಟ್ರ್ಯಾಕ್ಟರ್ ಇಳಿಸುವ ಮುನ್ನ ಅಪ್ಪ ಮಾಡುತ್ತಿದ್ದ ಪರೀಕ್ಷೆಯೇ. ಹಿಮ್ಮಡಿ ಒಳಕ್ಕೆ ಹೋಗದಿದ್ದರೆ ಕಾರು ಹೋಗಬಹುದು. ಗಟ್ಟಿ ಮರಳಿಗೆ ಟಯರಿನ ಗಾಳಿ ಇಳಿಸಬೇಕಾಗಿಲ್ಲ. ಮೆತ್ತಗಿದ್ದರೆ 32 ಪಿಎಸ್‌ಐನಿಂದ 20ರ ಸುಮಾರಿಗೆ ಇಳಿಸಿದಾಗ ಟಯರ್ ಅಗಲವಾಗಿ ಮರಳಿನ ಮೇಲೆ ತೇಲುತ್ತದೆ. ಆದರೆ ಕಡಿಮೆ ಗಾಳಿಯಲ್ಲಿ ಗಕ್ಕನೆ ತಿರುಗಿಸಿದರೆ ಟಯರ್ ರಿಮ್ಮಿನಿಂದ ಕಳಚಬಹುದು, ಹೆದ್ದಾರಿಗೆ ಹತ್ತುವ ಮುನ್ನ ಮತ್ತೆ ತುಂಬಲೇಬೇಕು. ಹನ್ನೆರಡು ವೋಲ್ಟಿನ ಸಣ್ಣ ಪಂಪು ಇಲ್ಲದೆ ಗಾಳಿ ಬಿಡಬೇಡಿ.

ವೇಗ ಇಪ್ಪತ್ತು ದಾಟಬಾರದು. ಅಲ್ಲಿ ಮಕ್ಕಳು ಆಡುತ್ತಿರುತ್ತಾರೆ, ಅಲೆಯ ಸದ್ದಿನಲ್ಲಿ ಹಾರ್ನ್ ಕೇಳಿಸುವುದಿಲ್ಲ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಚಕ್ರದ ಮುಂದೆ ಮರಳಿನ ದಿಬ್ಬ ಏಳುತ್ತದೆ, ಆದ್ದರಿಂದ ಉರುಳಿ ನಿಲ್ಲಲು ಬಿಡಿ. ಹೂತರೆ ಆಕ್ಸಲರೇಟರಿನಿಂದ ಕಾಲು ತೆಗೆಯಿರಿ. ಸಲಿಕೆಯಿಂದ ಚಕ್ರದ ಹಿಂದಿನ ಮರಳು ತೋಡಿ, ನಾಲ್ಕು ಗೋಣಿಚೀಲ ಹಾಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಸಲಿಕೆ, ಗೋಣಿಚೀಲ, ಹಗ್ಗ ನಮ್ಮ ಡಿಕ್ಕಿಯಲ್ಲಿ ಅಡಿಕೆ ತೋಟದಿಂದ ನೇರವಾಗಿ ಬಂದವು. ದುಬಾರಿ ಸಾಮಾನು ಏನೂ ಬೇಕಾಗಿಲ್ಲ.

ಟೆಂಟು? ತೀರದ ಮೇಲೆ ಬೇಡ. ನಾವು ಹೋಂಸ್ಟೇ ಒಂದರ ತೆಂಗಿನ ತೋಟದಲ್ಲಿ ಕೇಳಿಕೊಂಡು ಹಾಕುತ್ತೇವೆ, ಅದೂ ಕಾಯಿ ಬೀಳದ ಜಾಗ ನೋಡಿ. ಹುಣ್ಣಿಮೆ ರಾತ್ರಿ ಬೆಳದಿಂಗಳಿಗೆ ಮನಸೋತು ಮರಳಿನಲ್ಲಿ ಮಲಗಿದರೆ ಆ ತಿಂಗಳ ದೊಡ್ಡ ಉಬ್ಬರ ಬರುವುದು ನೀವು ಗೊರಕೆ ಹೊಡೆಯುವ ಮಧ್ಯರಾತ್ರಿಯಲ್ಲಿ. ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಮಲಯಾಳದಲ್ಲಿ ಅದಕ್ಕೆ ‘ಕಳ್ಳಕ್ಕಡಲ್’ ಎನ್ನುತ್ತಾರೆ, ಕಳ್ಳನಂತೆ ಬರುವ ಕಡಲು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು, ಇಲ್ಲಿ ಗಾಳಿಯೇ ಇಲ್ಲದಿದ್ದರೂ ದಡಕ್ಕೆ ನುಗ್ಗುತ್ತವೆ. ಬೇಸಿಗೆ ರಜೆಯ ಏಪ್ರಿಲ್, ಮೇ ತಿಂಗಳಲ್ಲೇ ಇದು ಹೆಚ್ಚು. ಪಂಚಾಂಗದಲ್ಲಿ ಇದಿಲ್ಲ. ಇನ್‌ಕಾಯಿಸ್ ಎಚ್ಚರಿಕೆ ಕೊಟ್ಟಿದ್ದರೆ ಕಾರನ್ನು ರಸ್ತೆಯಲ್ಲೇ ಬಿಟ್ಟು, ತಲಶ್ಶೇರಿಗೆ ಹೋಗಿ ಊಟ ಮಾಡಿಕೊಂಡು ಬನ್ನಿ.

ಮತ್ತೊಂದು ಮಾತು: ಅಲ್ಲಿ ಓಡಿಸಿದ ಹುಮ್ಮಸ್ಸಿನಲ್ಲಿ ನಮ್ಮ ಉತ್ತರ ಕನ್ನಡದ ತೀರಗಳಿಗೂ ಕಾರು ಇಳಿಸಬೇಡಿ. ಚಳಿಗಾಲದಲ್ಲಿ ಕಡಲಾಮೆಗಳು ಆ ಮರಳಿನಲ್ಲಿ ಮೊಟ್ಟೆ ಇಡುತ್ತವೆ.

ಮರಳಿನಿಂದ ಹತ್ತಿದ ದಿನವೇ ಕಾರು ತೊಳೆಯಬೇಕು. ಗುಬ್ಬಿಗೆ ಬಂದ ಮೇಲೆ ಎಂದು ಕಾಯಬೇಡಿ, ಉಪ್ಪು ಕಾಯುವುದಿಲ್ಲ. ದಾರಿಯಲ್ಲಿ ಸಿಗುವ ಯಾವುದಾದರೂ ವಾಟರ್ ಸರ್ವಿಸ್‌ನಲ್ಲಿ ಕಾರನ್ನು ಮೇಲೆತ್ತಿಸಿ, ತಳ, ಚಕ್ರದ ಒಳಭಾಗ, ಸೈಲೆನ್ಸರ್‌ಗೆ ಸಿಹಿನೀರು ಹೊಡೆಸಿ. ಮೇಲಿನ ಹೊಳಪು ಆಮೇಲೆ. ಹೊರಟ ಕೂಡಲೇ ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ, ಮುಂದೆ ಮಾಕುಟ್ಟ ಘಾಟಿಯಿದೆ.